ಅಂಗೈಯಲ್ಲಿ ತೆರೆ, ಯಾರ ಕೈಯಲ್ಲಿ ಚಿತ್ರ?

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಬೆಂಗಳೂರಿನಲ್ಲಿಯೂ ಅಲ್ಲ, ಮೈಸೂರಿನಲ್ಲಿಯೂ ಅಲ್ಲ. ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿ. 1934ರಲ್ಲಿ ತೆರೆ ಕಂಡ ಆ ಚಿತ್ರಕ್ಕೆ ಹಣ ಹೂಡಿದವರು ಮಾರವಾಡಿ ವರ್ತಕರು; ನಿರ್ದೇಶಿಸಿದ ವೈ. ವಿ. ರಾವ್ ಅವರು ನೆಲ್ಲೂರಿನವರು. ಆಮೇಲೆಯೂ ಹಲವು ದಶಕಗಳ ಕಾಲ ಕನ್ನಡ ಚಿತ್ರಗಳ ಬಹುಪಾಲು ಕೆಲಸ ನಡೆದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಕನ್ನಡ ಚಿತ್ರರಂಗದ ತೊಟ್ಟಿಲು ಹೊರನಾಡಿನಲ್ಲಿತ್ತು ಎಂದು ಹೇಳಿಕೊಳ್ಳಲು ನಮಗೆ ಹೆಮ್ಮೆಯೇನೋ ಉಂಟು. ಆದರೆ ತೊಟ್ಟಿಲು ನಮ್ಮ ನಡುವೆ ಇದ್ದರೂ ಕೂಸಿನ ಮೇಲೆ ನಮ್ಮ ಮಾತು ನಡೆದದ್ದು ಎಂದೂ ಇಲ್ಲ. ಯಾವ ಚಿತ್ರ ತಯಾರಾಗಬೇಕು, ಅದು ಯಾವ ಊರನ್ನು ತಲುಪಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ನಿರ್ಮಾಪಕರು, ಹಂಚಿಕೆದಾರರು ಮತ್ತು ಚಿತ್ರಮಂದಿರದ ಮಾಲೀಕರು. ಈ ಮೂವರ ಲೆಕ್ಕದ ಪುಸ್ತಕದಲ್ಲಿ ಹೊರನಾಡ ಕನ್ನಡಿಗ ಎಂಬ ಶೀರ್ಷಿಕೆಯೇ ಇರಲಿಲ್ಲ.

ನಾನು ಕೇಂದ್ರ ಸರಕಾರದ ಸೇವೆಗೆ ಸೇರಿ ಮುಂಬಯಿಗೆ ಬಂದದ್ದು 1990ರ ದಶಕದ ಮೊದಲ ವರ್ಷಗಳಲ್ಲಿ. ಕನ್ನಡ ಚಿತ್ರವೆಂದರೆ ಆಗ ಯಾವುದೋ ಒಂದು ಭಾನುವಾರದ ಬೆಳಗಿನ ಆಟ, ಅದೂ ಸಂಘದ ಉತ್ಸಾಹಿಗಳು ಯಾರಾದರೂ ಪೆಟ್ಟಿಗೆ ತರಿಸಿದರೆ. ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು ತೋರಿಸುತ್ತಿದ್ದ ಕಾಲವೂ ಒಂದಿತ್ತು. ಅಲ್ಲಿ ಕನ್ನಡದ ಸರದಿ ಬರುವ ತನಕ ತಿಂಗಳುಗಟ್ಟಲೆ ಕಾಯಬೇಕು. ಊರಿಗೆ ಹೋದವರು ವಿಡಿಯೋ ಕ್ಯಾಸೆಟ್ಟು ತಂದರೆ ಅದು ಮನೆಯಿಂದ ಮನೆಗೆ ಸುತ್ತಿ ಕೊನೆಗೆ ಮಳೆ ಸುರಿದಂತೆ ಕಾಣುತ್ತಿತ್ತು. ಇಂದಿನ ಸ್ಥಿತಿಯನ್ನು ವಿವರಿಸುವ ಅಗತ್ಯವೇ ಇಲ್ಲ. 2005ರಲ್ಲಿ ಯೂಟ್ಯೂಬ್ ಆರಂಭವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಭಾರತದಲ್ಲಿ ಅಂತರ್ಜಾಲದ ದರ ನೆಲಕ್ಕಿಳಿಯಿತು. ಅಂಧೇರಿಯ ಲೋಕಲ್ ಗಾಡಿಯಲ್ಲಿ ನಿಂತವನ ಅಂಗೈಯಲ್ಲಿ ಇಂದು ಕನ್ನಡ ಓಡುತ್ತಿದೆ.

ಇದನ್ನು ಮಾಧ್ಯಮದ ಪ್ರಜಾಪ್ರಭುತ್ವೀಕರಣ ಎಂದು ಕರೆಯುವ ವಾಡಿಕೆ ಬಂದಿದೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧದ ಬಗೆಗೆ ಹೊರನಾಡ ಸಂಘಗಳು ಯೋಚಿಸದೆ ಹೋದರೆ, ಹಳೆಯ ಮೂವರು ಯಜಮಾನರ ಜಾಗದಲ್ಲಿ ಮುಖವೇ ಇಲ್ಲದ ನಾಲ್ಕನೆಯ ಯಜಮಾನನೊಬ್ಬ ಬಂದು ಕುಳಿತದ್ದು ನಮಗೆ ಗೊತ್ತೇ ಆಗುವುದಿಲ್ಲ.

ಮೊದಲು ಹಣದ ವಿಚಾರ. ಅರ್ಥಶಾಸ್ತ್ರ ಓದಿಕೊಂಡ ನನಗೆ ಅಲ್ಲಿಂದಲೇ ತೊಡಗುವುದು ಅಭ್ಯಾಸ. ಜನ ಹಣ ಕೂಡಿಸಿ ಚಿತ್ರ ಮಾಡುವುದು ಅಂತರ್ಜಾಲದ ಆವಿಷ್ಕಾರವಲ್ಲ. ಶ್ಯಾಮ್ ಬೆನಗಲ್ ಅವರ 'ಮಂಥನ್' (1976) ಚಿತ್ರಕ್ಕೆ ಗುಜರಾತಿನ ಹಾಲು ಉತ್ಪಾದಕರ ಸಹಕಾರಿ ಸಂಘಗಳ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟರು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಪಶುವೈದ್ಯ ಡಾಕ್ಟರ್ ರಾವ್ ಆಗಿ ನಟಿಸಿದ್ದರು. ಚಿತ್ರ ಬಿಡುಗಡೆಯಾದಾಗ ರೈತರು ಲಾರಿಗಳಲ್ಲಿ ಬಂದು ತಮ್ಮ ಚಿತ್ರವನ್ನು ತಾವೇ ನೋಡಿದರು. ಆ ಎರಡು ರೂಪಾಯಿಯ ಹಿಂದೆ ಒಂದು ಸಂಸ್ಥೆಯಿತ್ತು. ದಿನವೂ ಬೆಳಗ್ಗೆ ಸಂಜೆ ಹಾಲು ಅಳೆಯುವ, ಲೆಕ್ಕ ಒಪ್ಪಿಸುವ, ಚುನಾವಣೆ ನಡೆಸುವ ಸಂಸ್ಥೆ.

ಕನ್ನಡದಲ್ಲಿ ಇದಕ್ಕೆ ಹೋಲಿಸಬಹುದಾದ ಘಟನೆ ನಡೆದದ್ದು 'ಲೂಸಿಯಾ' (2013) ಚಿತ್ರದ ಸಂದರ್ಭದಲ್ಲಿ. ನಿರ್ದೇಶಕ ಪವನ್ ಕುಮಾರ್ ಅದಕ್ಕೆ ಮುಂಚೆ 'ಲೈಫು ಇಷ್ಟೇನೆ' (2011) ಮಾಡಿದ್ದವರು. ಎರಡನೆಯ ಚಿತ್ರಕ್ಕೆ ಗಾಂಧಿನಗರದಲ್ಲಿ ಹಣ ಹುಟ್ಟದಿದ್ದಾಗ ಅವರು ತಮ್ಮ ಕಷ್ಟವನ್ನು ಅಂತರ್ಜಾಲದಲ್ಲಿ ಬರೆದು ಪ್ರೇಕ್ಷಕರನ್ನೇ ಕೇಳಿದರು. ಒಂದು ತಿಂಗಳೊಳಗೆ ಸುಮಾರು ನೂರಹತ್ತು ಮಂದಿ ಸೇರಿ ಅರ್ಧ ಕೋಟಿಯಷ್ಟು ಹಣ ಕೊಟ್ಟರು. ಮುಚ್ಚುವ ಸ್ಥಿತಿಗೆ ಬಂದ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವವನು ಈ ಚಿತ್ರದ ನಾಯಕ ಎಂಬುದನ್ನು ನೆನೆದರೆ ನನಗೆ ಈಗಲೂ ಸೋಜಿಗವೆನಿಸುತ್ತದೆ. ಚಿತ್ರ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು, ಮುಂದೆ ತಮಿಳಿಗೂ ಹೋಯಿತು. ಹಣ ಹೂಡಲು ಗಾಂಧಿನಗರದಲ್ಲಿ ಕಚೇರಿ ಇರಬೇಕಾಗಿಲ್ಲ, ಪುಣೆಯಲ್ಲಿ ಕುಳಿತವನೂ ಕನ್ನಡ ಚಿತ್ರವೊಂದರ ಪಾಲುದಾರನಾಗಬಹುದು ಎಂಬ ಸಾಧ್ಯತೆ ಅಂದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು.

ಆದರೆ ಆ ದಾರಿ ಹೆದ್ದಾರಿಯಾಗಲಿಲ್ಲ. ಕಾರಣ ಸರಳವಾದುದು. ಗುಜರಾತಿನ ರೈತನ ಬೆನ್ನಿಗೆ ಸಂಸ್ಥೆಯಿತ್ತು. ಇಲ್ಲಿ ಇದ್ದದ್ದು ಒಬ್ಬ ನಿರ್ದೇಶಕನ ಮೇಲಿನ ವಿಶ್ವಾಸ. ಸಾಮಾಜಿಕ ಜಾಲತಾಣ ಪರಿಚಯವನ್ನು ಹಬ್ಬಿಸಬಲ್ಲದು, ಉತ್ಸಾಹವನ್ನು ಎಬ್ಬಿಸಬಲ್ಲದು. ಲೆಕ್ಕ ಒಪ್ಪಿಸುವ ಶಿಸ್ತನ್ನು ಅದು ತಾನಾಗಿ ಹುಟ್ಟಿಸಲಾರದು. ಸಂಘಗಳೆಂಬ ಲೆಕ್ಕ ಒಪ್ಪಿಸುವ ಸಂಸ್ಥೆಗಳು ನಮ್ಮ ಬಳಿ ಇವೆ. (ವಾರ್ಷಿಕ ಮಹಾಸಭೆಗಳಲ್ಲಿ ನಾವು ಜಗಳವಾಡುವುದೂ ಬಹುಮಟ್ಟಿಗೆ ಲೆಕ್ಕದ ಬಗೆಗೇ ಅಲ್ಲವೆ!) ಆದರೂ ಒಂದು ದಶಕದಲ್ಲಿ ಯಾವ ಹೊರನಾಡ ಸಂಘವಾದರೂ ಚಿತ್ರವೊಂದಕ್ಕೆ ಪಾಲು ಹಾಕುವ ವಿಚಾರವನ್ನು ಗಂಭೀರವಾಗಿ ಚರ್ಚಿಸಿದ್ದನ್ನು ನಾನು ಕೇಳಿಲ್ಲ. ಸಭಾಭವನಕ್ಕೆ ದೇಣಿಗೆ ಎತ್ತುತ್ತೇವೆ, ಸ್ಮರಣ ಸಂಚಿಕೆಗೆ ಜಾಹೀರಾತು ಎತ್ತುತ್ತೇವೆ, ಅಲ್ಲಿಗೆ ನಿಲ್ಲುತ್ತೇವೆ.

ಇನ್ನು ದಿನನಿತ್ಯದ ವಿಡಿಯೋಗಳ ಆದಾಯ ಹೇಗೆ ಬರುತ್ತದೆಂಬುದನ್ನು ನೋಡಬೇಕು. ಯೂಟ್ಯೂಬಿನಲ್ಲಿ ಸಾಮಾನ್ಯ ವಿಡಿಯೋದ ಜಾಹೀರಾತು ಆದಾಯದಲ್ಲಿ ಶೇ. 55ರಷ್ಟು ಅದನ್ನು ಮಾಡಿದವರಿಗೆ, ಉಳಿದದ್ದು ಕಂಪನಿಗೆ. 2023ರ ಫೆಬ್ರವರಿಯಿಂದ ಶಾರ್ಟ್ಸ್ ಎಂಬ ಚುಟುಕು ವಿಡಿಯೋಗಳಿಗೂ ಪಾಲು ದೊರೆಯುತ್ತಿದೆ. ಅಲ್ಲಿ ಅದು ಶೇ. 45. ಈ ಪಾಲಿಗೆ ಅರ್ಹರಾಗಲು ಒಂದು ಸಾವಿರ ಚಂದಾದಾರರಿರಬೇಕು; ಅದರ ಜೊತೆಗೆ ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ ಇರಬೇಕು, ಅಥವಾ ಮೂರು ತಿಂಗಳಲ್ಲಿ ಶಾರ್ಟ್ಸ್ ಒಂದು ಕೋಟಿ ಸಲ ನೋಡಲ್ಪಟ್ಟಿರಬೇಕು. ವಿಡಿಯೋದ ನಡುವೆ ಜಾಹೀರಾತು ತೂರಿಸಬೇಕಾದರೆ ಅದು ಕನಿಷ್ಠ ಎಂಟು ನಿಮಿಷದ್ದಾಗಿರಬೇಕು. ಐದು ನಿಮಿಷಕ್ಕೆ ಮುಗಿಯಬೇಕಾದ ಅಡುಗೆಯ ವಿಡಿಯೋ ಎಂಟು ನಿಮಿಷ ಹತ್ತು ಸೆಕೆಂಡಿಗೆ ಎಳೆಯುವುದು ಏಕೆಂಬ ಗುಟ್ಟು ಇಲ್ಲಿದೆ. ಹಿಂದೆ ಮೂರು ಗಂಟೆಯ ಚಿತ್ರದಲ್ಲಿ ಆರು ಹಾಡುಗಳಿರಬೇಕೆಂದು ಹಂಚಿಕೆದಾರ ಹಟ ಹಿಡಿಯುತ್ತಿದ್ದ. ಆತನೊಡನೆ ವಾದಿಸಬಹುದಿತ್ತು, ಜಗಳವಾಡಬಹುದಿತ್ತು. ಇಂದಿನ ಹಂಚಿಕೆದಾರ ಒಂದು ಗಣಕ ಸೂತ್ರ. ನಿನ್ನೆ ಲಕ್ಷ ಜನರಿಗೆ ತೋರಿಸಿದ್ದನ್ನು ಇಂದು ಸಾವಿರ ಜನರಿಗೂ ಏಕೆ ತೋರಿಸಲಿಲ್ಲವೆಂದು ಕೇಳಿದರೆ ಉತ್ತರ ಕೊಡುವವರಾರು? ಜಾಹೀರಾತಿನ ದರವಾದರೋ ನೋಡುಗ ಯಾವ ದೇಶದವನು, ಎಷ್ಟು ಕೊಳ್ಳಬಲ್ಲ ಎಂಬುದನ್ನು ಅವಲಂಬಿಸಿದೆ. ಕನ್ನಡದಲ್ಲಿ ಆರಂಭಿಸಿದ ಹುಡುಗ ಎರಡು ವರ್ಷಗಳಲ್ಲಿ ಹಿಂದಿಗೋ ಇಂಗ್ಲಿಷಿಗೋ ಹಾರಿದರೆ ಅವನನ್ನು ಭಾಷಾದ್ರೋಹಿ ಎಂದು ಬಯ್ಯುವ ಮುಂಚೆ ಈ ಲೆಕ್ಕವನ್ನು ನೋಡಬೇಕು.

ಹಣ ಬದಲಾದಾಗ ರೂಪ ಬದಲಾಗುವುದು ಸಹಜ. ಚೌಕಾಕಾರದ ತೆರೆಗೆ ಒಗ್ಗಿದ್ದ ಕನ್ನಡದ ಕಣ್ಣನ್ನು 1977ರಲ್ಲಿ 'ಸೊಸೆ ತಂದ ಸೌಭಾಗ್ಯ' ಸಿನಿಮಾಸ್ಕೋಪಿನ ಅಗಲಕ್ಕೆ ಒಯ್ದಿತು. ಈಗ ತೆರೆ ಎದ್ದು ನಿಂತಿದೆ. ಒಂಬತ್ತಕ್ಕೆ ಹದಿನಾರರ ಅಳತೆಯಲ್ಲಿ, ಫೋನನ್ನು ಹಿಡಿಯುವ ಕೈಯ ಅನುಕೂಲಕ್ಕೆ ತಕ್ಕಂತೆ. ನಿಂತ ಚೌಕಟ್ಟಿನಲ್ಲಿ ಒಬ್ಬನ ಮುಖ ಚೆನ್ನಾಗಿ ಕೂರುತ್ತದೆ. ಇಬ್ಬರು ಎದುರುಬದುರು ಕುಳಿತು ಮಾತನಾಡುವುದು ಕಷ್ಟ, ಪಂಕ್ತಿಯ ಊಟವಂತೂ ಹಿಡಿಸುವುದೇ ಇಲ್ಲ. ನಮ್ಮ ಕಾದಂಬರಿ ಮತ್ತು ಚಿತ್ರಗಳ ಜೀವಾಳವಾದ ಜಗಲಿ, ಪಡಸಾಲೆ, ಸಂತೆ, ಜಾತ್ರೆಗಳೆಲ್ಲ ಅಡ್ಡಗಲದ ದೃಶ್ಯಗಳು. ಸುಮ್ಮನೆ ಅಲ್ಲ, ಈ ಹೊಸ ವಿಡಿಯೋಗಳಲ್ಲಿ ಒಬ್ಬನೇ ಗಂಡಸು ಶಾಲು ಹೊದ್ದು ಅತ್ತೆಯೂ ಆಗಿ, ಶಾಲು ತೆಗೆದು ಸೊಸೆಯೂ ಆಗಿ ಮಾತನಾಡುವುದು! ಗಾಡಿಯಲ್ಲಿ, ಕಚೇರಿಯಲ್ಲಿ ದನಿ ಅಡಗಿಸಿ ನೋಡುವವರಿಗಾಗಿ ಮಾತುಗಳು ಅಕ್ಷರಗಳಾಗಿ ಕೆಳಗೆ ಓಡುತ್ತವೆ. ನೂರು ವರ್ಷಗಳ ಹಿಂದಿನ ಮೂಕಿ ಚಿತ್ರದ ಬರಹಗಳು ಬೇರೆ ವೇಷದಲ್ಲಿ ಮರಳಿ ಬಂದಂತೆ. ಮೊದಲ ಮೂರು ಸೆಕೆಂಡುಗಳಲ್ಲಿ ಬೆರಳು ನಿಲ್ಲದಿದ್ದರೆ ಚಿತ್ರ ಸತ್ತಿತು ಎಂಬುದು ಈ ಕಸುಬಿನವರ ಮೊದಲ ಪಾಠ.

ಇದು ಫೋನಿನಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ದೊಡ್ಡ ಚಿತ್ರಗಳ ಒಳಕ್ಕೂ ಬಂದಿದೆ. ಹಾಡನ್ನು ಕಥೆಗಾಗಿ ಬರೆಸುವುದಕ್ಕಿಂತ, ಅಭಿಮಾನಿಗಳು ಹದಿನೈದು ಸೆಕೆಂಡುಗಳಲ್ಲಿ ಅನುಕರಿಸಬಹುದಾದ ಒಂದು ಹೆಜ್ಜೆಗಾಗಿ ಸಂಯೋಜಿಸುವುದು ರೂಢಿಯಾಗುತ್ತಿದೆ. ಸಂಭಾಷಣೆಯನ್ನು ಕತ್ತರಿಸಿ ಹಂಚಲು ಅನುವಾಗುವಂತೆ ಬರೆಯಲಾಗುತ್ತಿದೆ. ಚೀನಾದಲ್ಲಿ ಬೆಳೆದ, ಒಂದೆರಡು ನಿಮಿಷದ ಕಂತುಗಳಲ್ಲಿ ಓಡುವ ನಿಂತ ಚೌಕಟ್ಟಿನ ಧಾರಾವಾಹಿಗಳು ಭಾರತೀಯ ಭಾಷೆಗಳಿಗೂ ಕಾಲಿಟ್ಟಿವೆ. ಪ್ರತಿ ಕಂತಿನ ಕೊನೆಗೂ ಒಂದು ಕಪಾಳಮೋಕ್ಷ ಅಥವಾ ಒಂದು ಗುಟ್ಟು. ನಾಲ್ಕಾರು ನೋಡಿದೆ, ಮುಂದೆ ನೋಡುವ ಉತ್ಸಾಹ ಉಳಿಯಲಿಲ್ಲ.

ಇಷ್ಟಾದರೂ ಒಂದು ಲಾಭವನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮ ಹಳೆಯ ಚಿತ್ರರಂಗದಲ್ಲಿ ಕನ್ನಡವೆಂದರೆ ಮೈಸೂರು-ಬೆಂಗಳೂರಿನ ಕನ್ನಡ. ಧಾರವಾಡದ ಮಾತು, ಕುಂದಾಪುರದ ಮಾತು ನಗಿಸುವ ಪಾತ್ರಗಳಿಗೆ ಮೀಸಲು. ಮಂಡ್ಯದ ಹಳ್ಳಿಯ ಜನರನ್ನೇ ನಟರಾಗಿಸಿದ 'ತಿಥಿ' 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದದ್ದು ಚಿತ್ರರಂಗದಲ್ಲಿ ಅಪವಾದ. ಅಂಗೈಯ ತೆರೆಯಲ್ಲಿ ಅದೇ ನಿಯಮವಾಗಿದೆ. ಬೆಳಗಾವಿ, ವಿಜಯಪುರ ಸೀಮೆಯ ಹುಡುಗರು ತಮ್ಮ ಮಾತಿನಲ್ಲಿಯೇ ಜಾನಪದ ಧಾಟಿಯ ಹಾಡು ಕಟ್ಟಿ, ಫೋನಿನಲ್ಲಿ ಚಿತ್ರಿಸಿ, ಯಾರ ಅಪ್ಪಣೆಗೂ ಕಾಯದೆ ಬಿಡುತ್ತಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಿಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ರಾಜ್ಯ ಪುನರ್ವಿಂಗಡಣೆಯ ಗೆರೆ ಅವರನ್ನು ಆಚೆ ಬಿಟ್ಟಿತು. ಬೆಂಗಳೂರಿನ ಚಿತ್ರಗಳು ಅವರ ಮಾತನ್ನು ಆಡಲಿಲ್ಲ. ಈಗ ಮದುವೆಯ ಮೆರವಣಿಗೆಯಲ್ಲಿ ತಮ್ಮದೇ ಕನ್ನಡ ಮೊಳಗುತ್ತಿದೆ. ಆ ಹಾಡುಗಳಲ್ಲಿ ಹಲವು ಒರಟು, ಕೆಲವು ಅಶ್ಲೀಲ ಎಂದು ಮೂಗು ಮುರಿಯುವವರಿದ್ದಾರೆ. ಇರಬಹುದು. ಭಾಷೆ ಬದುಕುವುದು ಸಜ್ಜನರ ಮನೆಗಳಲ್ಲಿ ಮಾತ್ರವಲ್ಲ.

ನಮ್ಮ ಮಕ್ಕಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಹೊರನಾಡಿನಲ್ಲಿ ಬೆಳೆದ ಮಕ್ಕಳು ಕನ್ನಡವನ್ನು ಕೇಳಿ ತಿಳಿಯಬಲ್ಲರು, ತಕ್ಕಮಟ್ಟಿಗೆ ಆಡಬಲ್ಲರು, ಓದಲಾರರು. ಪತ್ರಿಕೆ ತರಿಸಿದೆವು, ಮುಟ್ಟಲಿಲ್ಲ; ಭಾನುವಾರದ ಕನ್ನಡ ತರಗತಿಗೆ ಅಟ್ಟಿದೆವು, ಒಂದು ವರ್ಷಕ್ಕೆ ಬಿಟ್ಟರು. ಅದೇ ಮಕ್ಕಳು ಇಂದು ಉತ್ತರ ಕರ್ನಾಟಕದ ಹಾಸ್ಯದ ತುಣುಕುಗಳನ್ನು ನೋಡಿ ನಗುತ್ತಾರೆ, 'ಹಂಗಂದ್ರ ಹೆಂಗ' ಎಂದು ನಮ್ಮನ್ನೇ ಅಣಕಿಸುತ್ತಾರೆ. ನಮ್ಮ ಮೂವತ್ತು ವರ್ಷಗಳ ಭಾಷಣಗಳು ಮಾಡಲಾರದ್ದನ್ನು ಈ ತುಣುಕುಗಳು ಮಾಡಿವೆ. ಆದರೆ ಅವರು ಅದಕ್ಕೆ ಪ್ರತಿಕ್ರಿಯೆ ಬರೆಯುವುದು ರೋಮನ್ ಲಿಪಿಯಲ್ಲಿ. ಕಿವಿಗೆ ದಕ್ಕಿದ ಕನ್ನಡ ಕಣ್ಣಿಗೆ ದಕ್ಕದೆ ಎಷ್ಟು ಕಾಲ ನಿಂತೀತು ಎಂಬ ಪ್ರಶ್ನೆ ಉಳಿದೇ ಇದೆ.

'ಕಾಂತಾರ'ದ ಉದಾಹರಣೆ ಮುಂಬಯಿಯ ತುಳು-ಕನ್ನಡಿಗರಿಗೆ ತೀರ ಹತ್ತಿರದ್ದು. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಿಡುಗಡೆಯಾದ ಚಿತ್ರ, ನೋಡಿದವರು ಹಬ್ಬಿಸಿದ ಮಾತಿನ ಬಲದಿಂದ ಎರಡೇ ವಾರಗಳಲ್ಲಿ ಹಿಂದಿಗೆ ಹೋಯಿತು. ಹಿಂದಿನ ಕಾಲದಲ್ಲಿ ಇದು ಸಾಧ್ಯವಿರಲಿಲ್ಲ. ಕರಾವಳಿಯ ಆಚೆ ಪಂಜುರ್ಲಿ ಎಂದರೆ ಯಾರೆಂದು ಗೊತ್ತಿಲ್ಲದವರು ದಾದರಿನ ಚಿತ್ರಮಂದಿರಗಳಿಂದ ಮೂಕರಾಗಿ ಹೊರಬಂದರು. ಅದರ ಬೆನ್ನಿಗೇ ಮತ್ತೊಂದು ನಡೆಯಿತು. ದೈವದ ವೇಷ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಆ ಕೂಗನ್ನು ಕೂಗಿ ಚಿತ್ರಿಸಿದ ತುಣುಕುಗಳು ಜಾಲತಾಣಗಳಲ್ಲಿ ತುಂಬಿಕೊಂಡವು. 2025ರ ಅಕ್ಟೋಬರ್ 2ರಂದು 'ಕಾಂತಾರ: ಅಧ್ಯಾಯ 1' ಬಂದಾಗಲಂತೂ ಚಿತ್ರಮಂದಿರದೊಳಗೇ ವೇಷ ಹಾಕಿ ಬರತೊಡಗಿದರು; ದೈವವನ್ನು ಅನುಕರಿಸಬೇಡಿರೆಂದು ನಿರ್ಮಾಪಕರೇ ಬಹಿರಂಗವಾಗಿ ವಿನಂತಿಸಬೇಕಾಯಿತು. ಭೂತಾರಾಧನೆಯಲ್ಲಿ ವೇಷ ಕಟ್ಟುವುದಕ್ಕೆ ಕುಲ, ಕಟ್ಟಳೆ, ವ್ರತಗಳಿವೆ. ಕಟ್ಟುವವರು ಶತಮಾನಗಳ ಅವಮಾನ ಉಂಡ ಸಮುದಾಯಗಳವರು. ಅವರಿಗೆ ಅದು ಹೊಟ್ಟೆಪಾಡೂ ಹೌದು, ಅಧಿಕಾರವೂ ಹೌದು. ಆ ಒಂದು ರಾತ್ರಿ ಊರ ಗುತ್ತಿನವನು ಅವರ ಮುಂದೆ ಕೈಕಟ್ಟಿ ನಿಲ್ಲಬೇಕು. ಹದಿನೈದು ಸೆಕೆಂಡುಗಳ ತುಣುಕಿನಲ್ಲಿ ಉಳಿಯುವುದು ಕೂಗು ಮಾತ್ರ. ಕೈಕಟ್ಟಿ ನಿಂತ ಗುತ್ತಿನವನು ಚೌಕಟ್ಟಿನಿಂದ ಹೊರಗೆ. ಚಿತ್ರವನ್ನು ಮಾಡಿದವರನ್ನು ನಾನು ದೂರುತ್ತಿಲ್ಲ. ಎರಡೂವರೆ ಗಂಟೆಯ ಚಿತ್ರಕ್ಕೆ ಹಿನ್ನೆಲೆಯನ್ನು ಕಟ್ಟಿಕೊಡುವ ವ್ಯವಧಾನವಿದೆ. ಅದನ್ನು ಚೂರುಮಾಡಿ ಹಂಚುವ ಯಂತ್ರಕ್ಕೆ ಇಲ್ಲ.

ವಿಮರ್ಶೆಯ ಗತಿಯೂ ಹೀಗೆಯೇ. ಮೊದಲ ಆಟದ ವಿರಾಮದಲ್ಲಿಯೇ ತೀರ್ಪು ಹೊರಬೀಳುತ್ತದೆ. ಹಣ ಕೊಟ್ಟರೆ ಹೊಗಳಿಕೆ, ಇನ್ನಷ್ಟು ಕೊಟ್ಟರೆ ಎದುರಾಳಿಯ ಚಿತ್ರಕ್ಕೆ ಬೈಗುಳ ಎಂಬ ದೂರು ಎಲ್ಲ ಭಾಷೆಗಳಲ್ಲಿಯೂ ಇದೆ. ಬಿಡುಗಡೆಯ ಮೊದಲ ಮೂರು ದಿನ ವಿಮರ್ಶೆಗಳನ್ನೇ ತಡೆಯಬೇಕೆಂದು ತಮಿಳು ನಿರ್ಮಾಪಕರು 2024ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು; ನ್ಯಾಯಾಲಯ ಒಪ್ಪಲಿಲ್ಲ, ಒಪ್ಪದಿದ್ದುದೇ ಸರಿ.

ಪ್ರಭುತ್ವ ಇಲ್ಲಿ ಏನು ಮಾಡಬೇಕು? ನಡತೆಯ ನಿಯಮಾವಳಿಗೆ ಒಳಪಟ್ಟವನಾದ್ದರಿಂದ ಈ ಪ್ರಶ್ನೆಯ ಸುತ್ತ ನಾನು ಎಚ್ಚರದಿಂದ ನಡೆಯುತ್ತೇನೆ. ಚಿತ್ರಮಂದಿರದಲ್ಲಿ ತೋರಿಸುವ ಚಿತ್ರಕ್ಕೆ 1952ರ ಕಾಯಿದೆಯಂತೆ ಮುಂಚಿತವಾಗಿ ಪ್ರಮಾಣಪತ್ರ ಬೇಕು. ಅದೇ ದೃಶ್ಯವನ್ನು ಫೋನಿಗೆ ಬಿಡಲು ಬೇಡ. 2021ರ ನಿಯಮಗಳು ದೂರು ಬಂದ ಮೇಲಿನ ವ್ಯವಸ್ಥೆಯನ್ನಷ್ಟೇ ಮಾಡಿವೆ. ಮುಂಬಯಿಯ ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಜನ್ನು 1948ರಿಂದ ದೇಶದ ಚಿತ್ರಮಂದಿರಗಳಿಗೆಲ್ಲ ವಾರ್ತಾಚಿತ್ರ ಸಾಕ್ಷ್ಯಚಿತ್ರಗಳನ್ನು ಒದಗಿಸುತ್ತಿತ್ತು. ಮುಖ್ಯ ಚಿತ್ರಕ್ಕೆ ಮುಂಚೆ ಅವನ್ನು ತೋರಿಸುವುದು ಕಡ್ಡಾಯ, ಬಾಡಿಗೆ ಕೊಡುವುದೂ ಕಡ್ಡಾಯ. ಪ್ರೇಕ್ಷಕರು ಆ ಹೊತ್ತಿನಲ್ಲಿ ಕಡಲೆಕಾಯಿ ಕೊಳ್ಳಲು ಹೋಗುತ್ತಿದ್ದರು, ನಿಜ. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಅದರ ಸರಕಾರಿ ಧಾಟಿಯನ್ನು ನಾವು ಎಷ್ಟೇ ಗೇಲಿ ಮಾಡಿದರೂ ಅದು ತನ್ನ ಚಿತ್ರಗಳನ್ನು ಇಟ್ಟುಕೊಂಡಿತ್ತು. ನನ್ನ ವಾದದ ತಿರುಳು ಇರುವುದು ಈ ಇಟ್ಟುಕೊಳ್ಳುವಿಕೆಯಲ್ಲಿ.

ಸರಕಾರಿ ಕಡತಗಳಿಗೆ ಮೂರು ವರ್ಗಗಳಿವೆ. 'ಎ' ವರ್ಗದ್ದನ್ನು ಉಳಿಸಿ ಮೈಕ್ರೋಫಿಲ್ಮ್ ಮಾಡಬೇಕು. 'ಬಿ' ವರ್ಗದ್ದನ್ನು ಉಳಿಸಿದರೆ ಸಾಕು. 'ಸಿ' ವರ್ಗದ್ದನ್ನು ಅವಧಿ ಮುಗಿದ ಮೇಲೆ ನಾಶಪಡಿಸಬಹುದು. ಹೊರಗಿನವರಿಗೆ ಇದು ಗುಮಾಸ್ತಗಿರಿಯಂತೆ ಕಾಣಬಹುದು. ಒಂದು ಸಮಾಜ ತನ್ನ ನೆನಪಿನ ಬಗೆಗೆ ಮಾಡಿಕೊಂಡ ತೀರ್ಮಾನ ಅದು. 'ಸತಿ ಸುಲೋಚನ'ದ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. 'ಮಂಥನ್' ಪುನರುಜ್ಜೀವಗೊಂಡು 2024ರಲ್ಲಿ ಕಾನ್‌ನಲ್ಲಿ, ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಅದೇ ವರ್ಷ ವೆನಿಸ್‌ನಲ್ಲಿ ಪ್ರದರ್ಶಿತವಾದದ್ದು ಅವುಗಳ ರೀಲುಗಳನ್ನು ಯಾರೋ ಎಲ್ಲೋ ಕಾಪಾಡಿದ್ದುದರಿಂದ. ಇದಕ್ಕೆ ಪ್ರತಿಯಾಗಿ, 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಆದದ್ದೇನು? ನಿಷೇಧದ ಕಾರಣಗಳು ರಾಷ್ಟ್ರೀಯ ಭದ್ರತೆಗೆ ಸೇರಿದವು. ಅದು ಇಲ್ಲಿಯ ಚರ್ಚೆಯಲ್ಲ. ಹಳ್ಳಿಗಳ ಹೆಂಗಸರು, ಗಾರೆ ಕೆಲಸದವರು, ಆಟೋ ಓಡಿಸುವವರು ಮಾಡಿ ಹಾಕಿದ್ದ ಲೆಕ್ಕವಿಲ್ಲದಷ್ಟು ಚಿತ್ರಗಳು ಭಾರತೀಯರ ಕಣ್ಣಿನಿಂದ ಮರೆಯಾದವು. ತಮ್ಮ ಫೋನಿನಲ್ಲಿ ಪ್ರತಿ ಇಟ್ಟುಕೊಂಡಿರದವರ ಪಾಲಿಗೆ ಅವು ಹೋದಂತೆಯೇ. ಆ ಬೇಸಿಗೆಯ ಬೀಗಮುದ್ರೆಯ ದಿನಗಳಲ್ಲಿ ಜನಸಾಮಾನ್ಯರು ಹೇಗೆ ನಕ್ಕರು, ಹೇಗೆ ಅತ್ತರು ಎಂಬುದಕ್ಕೆ ಅವು ಸಾಕ್ಷಿಯಾಗಿದ್ದವು.

ಇದೇ ಅಪಾಯ ನಮ್ಮ ಸಂಘದ ಬಾಗಿಲಲ್ಲಿದೆ. ಕಾರ್ಯಕ್ರಮಗಳ ವಿಡಿಯೋಗಳನ್ನೆಲ್ಲ ಈಗ ಜಾಲತಾಣಕ್ಕೆ ಏರಿಸಿ ನಿಶ್ಚಿಂತರಾಗಿದ್ದೇವೆ. ಖಾತೆಯ ಗುಪ್ತಪದ ಒಬ್ಬ ಉತ್ಸಾಹಿಯ ಬಳಿ. ಆತನಿಗೆ ವರ್ಗವಾದರೆ ಅದೂ ವರ್ಗ. ಹಿನ್ನೆಲೆಯಲ್ಲಿ ಯಾವುದೋ ಚಿತ್ರಗೀತೆ ಕೇಳಿಸಿತೆಂಬ ಕಾರಣಕ್ಕೆ ವಾರ್ಷಿಕೋತ್ಸವದ ಇಡೀ ನಾಟಕ ಮೂಕವಾಗಬಹುದು, ಮಾಯವೂ ಆಗಬಹುದು. ಪ್ರಚಾರಕ್ಕೆ ಜಾಲತಾಣ ಇರಲಿ. ಉಗ್ರಾಣವೆಂದು ಅದನ್ನು ನಂಬಲಾಗದು.

ಆದ್ದರಿಂದ ನನ್ನದೊಂದು ಸೂಚನೆ. ಈ ನಗರದ ಹೊಟೇಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ತಲೆಮಾರು ಮುಗಿಯುತ್ತಾ ಬಂದಿದೆ. ಅವರ ಮಾತನ್ನು ಯಾವ ಚಿತ್ರ ನಿರ್ಮಾಪಕನೂ ಚಿತ್ರಿಸಲಿಲ್ಲ. ಯಾವ ಗಣಕ ಸೂತ್ರವೂ ಅದನ್ನು ಲಕ್ಷ ಜನರ ಮುಂದಿಡುವುದಿಲ್ಲ, ಏಕೆಂದರೆ ಅವರು ನಿಧಾನವಾಗಿ ಮಾತನಾಡುತ್ತಾರೆ. ಅದನ್ನು ದಾಖಲಿಸಲು ಇಂದು ಸ್ಟುಡಿಯೋ ಬೇಕಾಗಿಲ್ಲ. 35 ಮಿಲಿಮೀಟರಿನ ಸಾವಿರ ಅಡಿ ಫಿಲ್ಮು ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿದ್ದ ಕಾಲದಲ್ಲಿ ಇದು ಕನಸು. ಈಗ ಒಂದು ಒಳ್ಳೆಯ ಫೋನು, ಕಾಲರಿಗೆ ಸಿಕ್ಕಿಸುವ ಒಂದು ಮೈಕು, ಅಲುಗದ ಒಂದು ಸ್ಟ್ಯಾಂಡು ಸಾಕು. ಫೋನನ್ನು ಅಡ್ಡ ಹಿಡಿಯಬೇಕು. ಮನೆ, ಗೋಡೆಯ ಪಟ, ಪಕ್ಕದಲ್ಲಿ ಕುಳಿತು ನಡುವೆ ಬಾಯಿ ಹಾಕುವ ಮನೆಯಾಕೆ ಎಲ್ಲರೂ ಬರಲಿ. ಕನಿಷ್ಠ ಒಂದು ಗಂಟೆ, ಕತ್ತರಿ ಇಲ್ಲದೆ. ಕ್ಯಾಮೆರಾ ಹಿಡಿಯುವ ಕೆಲಸ ನಮ್ಮ ಮಕ್ಕಳದಾಗಲಿ. ಅವರಿಗೆ ಅದು ನಮಗಿಂತ ಚೆನ್ನಾಗಿ ಬರುತ್ತದೆ, ಪ್ರಶ್ನೆ ಕೇಳುವ ನೆಪದಲ್ಲಿ ಕನ್ನಡವನ್ನೂ ಆಡುತ್ತಾರೆ. ಮೂಲಪ್ರತಿಯನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಡಬೇಕು. ಒಂದು ಸಂಘದ ಕಪಾಟಿನಲ್ಲಿ, ಇನ್ನೊಂದು ಬೇರೆ ನಗರದ ಸೋದರ ಸಂಘದಲ್ಲಿ. ಹೆಸರು, ಹುಟ್ಟೂರು, ಬಂದ ವರ್ಷ, ಚಿತ್ರಿಸಿದ ದಿನಾಂಕಗಳನ್ನು ಕನ್ನಡದಲ್ಲಿ ಬರೆದ ಒಂದು ನೋಂದಣಿ ಪುಸ್ತಕ. ಬೇಕಾದರೆ ಅದರಿಂದ ಒಂದು ನಿಮಿಷದ ತುಣುಕು ಕತ್ತರಿಸಿ ಜಾಲತಾಣಕ್ಕೆ ಬಿಡೋಣ, ಅದಕ್ಕೆ ನನ್ನ ಅಭ್ಯಂತರವಿಲ್ಲ.

ಹತ್ತು ಹಿರಿಯರ ಹೆಸರುಗಳನ್ನು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ. ಅವರಲ್ಲಿ ಅತ್ಯಂತ ಹಿರಿಯರಿಗೆ ಈಗ ತೊಂಬತ್ತೊಂದು. ಅವರಿಂದ ತೊಡಗುವುದು ಲೇಸು. ಬೆಳಗಿನ ಹೊತ್ತು ಅವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆಯಂತೆ.